ಎದೆಯ ಮೇಲೆ ಕೂತದ್ದು

ಅವ್ವ ತೀರಿಕೊಂಡದ್ದು ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ. ರಾಜ್ಯ ಒಂದಾಗಿ ಒಂದೆರಡು ವರ್ಷ ಆಗಿದ್ದ ಕಾಲ ಅದು. ನನ್ನ ತವರು ಸೊರಬದ ಕಡೆ. ಕೊಟ್ಟದ್ದು ಶಿಕಾರಿಪುರದ ಹತ್ತಿರದ ಹಳ್ಳಿಗೆ. ದೂರವೇನೂ ಹೆಚ್ಚಲ್ಲ, ಆದರೆ ಶಿರಾಳಕೊಪ್ಪದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಾಗಿತ್ತು.

ಅವ್ವನಿಗೆ ಜ್ವರ ಜೋರಾಗಿದೆ, ಕೂಡಲೇ ಬರಬೇಕು ಎಂದು ಸುದ್ದಿ ಬಂದ ದಿನ ಶಿರಾಳಕೊಪ್ಪದಲ್ಲಿ ಸಂತೆ. ಬಸ್ಸಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಮೆಣಸಿನಕಾಯಿ ಚೀಲಗಳು, ಕಾಲು ಕಟ್ಟಿದ ಕೋಳಿಗಳು, ಒಬ್ಬರ ಮೇಲೊಬ್ಬರು ಒರಗಿ ನಿಂತ ಜನ. ನಾನು ಯಾರದೋ ಬುಟ್ಟಿಗೂ ಯಾರದೋ ಬೆನ್ನಿಗೂ ನಡುವೆ ಸಿಕ್ಕಿಕೊಂಡು ಊರಿನ ತನಕ ನಿಂತೇ ಹೋದೆ. ಮನೆ ಮುಟ್ಟುವಾಗ ಅಂಗಳದಲ್ಲಿ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಅವ್ವನ ಮುಖ ನೋಡಲು ಸಿಕ್ಕಿತು. ಮಾತು ಸಿಗಲಿಲ್ಲ.

ತಂಗಿಗೆ ಆ ವರ್ಷವೇ ಮದುವೆಯಾಗಿತ್ತು. ನಾನು ವಾಪಸು ಹೊರಟ ದಿನ ಅವಳು ನನ್ನ ಕೈ ಬಿಡಲೇ ಇಲ್ಲ. ಅವಳಿಗೆ ಆಗಲೇ ಬಸುರು ನಿಂತಿತ್ತು, ಅವ್ವನಿಗೊಬ್ಬಳಿಗೇ ಹೇಳಿದ್ದಳಂತೆ. "ಹೆರಿಗೆಗೆ ನೀನು ಬರ್ಬೇಕು ಅಕ್ಕ. ದೊಡ್ಡವ್ವನ ಜೊತೆ ನಾನೊಬ್ಳೇ ಇರಾಕೆ ಆಗಾದಿಲ್ಲ" ಎಂದಳು. ಬರುತ್ತೇನೆ ಎಂದೆ. ಮೊದಲ ಹೆರಿಗೆ ತವರಿನಲ್ಲಿ, ಅವ್ವ ಇಲ್ಲದ ಮನೆಯಲ್ಲಿ ಆ ಜಾಗಕ್ಕೆ ಹಿರಿಯ ಮಗಳೇ ನಿಲ್ಲಬೇಕು. ಅದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ.

ಮೊದಲ ಸಲ ಅದು ಬಂದದ್ದು ಗಂಡನ ಮನೆಯ ಅಡಿಗೆಮನೆಯಲ್ಲಿ, ಮಧ್ಯಾಹ್ನ ರೊಟ್ಟಿ ತಟ್ಟುವಾಗ. ಅಳುತ್ತಿರಲಿಲ್ಲ. ಅವ್ವನನ್ನು ನೆನೆಯುತ್ತಲೂ ಇರಲಿಲ್ಲ. ಇದ್ದಕ್ಕಿದ್ದಂತೆ ಉಸಿರು ಸಾಲದೆ ಹೋಯಿತು. ಎಳೆದುಕೊಂಡ ಉಸಿರು ಅರ್ಧದಲ್ಲೇ ನಿಂತುಬಿಡುತ್ತಿತ್ತು, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ ಒಳಗೆ ಹೋಗುತ್ತಲೇ ಇರಲಿಲ್ಲ. ಇನ್ನೊಂದು, ಇನ್ನೊಂದು ಎಂದು ಎಳೆದಷ್ಟೂ ಸಾಲದು. ಬೆರಳ ತುದಿ ಜುಮುಜುಮು ಎಂದಿತು, ತುಟಿ ಮರಗಟ್ಟಿತು, ಎದೆ ಡವಡವ ಹೊಡೆದುಕೊಂಡಿತು. ಸಾಯುತ್ತಿದ್ದೇನೆ ಎಂದೇ ತಿಳಿದೆ. ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಓಡಿದೆ. ಅತ್ತೆ ಬಂದು ಬೆನ್ನು ನೀವಿ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ತಾನಾಗಿ ಬಿಟ್ಟುಹೋಯಿತು. ಬೆವರು, ನಡುಕ, ಸುಸ್ತು ಮಾತ್ರ ಉಳಿದವು. ಒಲೆಯ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಆಮೇಲೆ ಅದು ಮತ್ತೆ ಮತ್ತೆ ಬಂತು. ಬಾವಿಕಟ್ಟೆಯಲ್ಲಿ ಬಂತು, ನಾಲ್ಕು ಜನ ಹೆಂಗಸರು ಕೂತಲ್ಲಿ ಬಂತು, ಬಾಗಿಲು ಹಾಕಿದ ಕೋಣೆಯಲ್ಲಿ ತಪ್ಪದೆ ಬಂತು. ಬರದಿದ್ದಾಗಲೂ ಎಲ್ಲಿ ಬರುತ್ತದೋ ಎಂದು ಕಾಯುವುದೇ ಒಂದು ಕೆಲಸವಾಯಿತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

ಅತ್ತೆ ಕೆಟ್ಟವರಲ್ಲ. ಗಂಡ ಹೊಲದ ಮನುಷ್ಯ, ಮನೆಯೊಳಗಿನದೆಲ್ಲ ಅತ್ತೆಯೇ ನೋಡುತ್ತಿದ್ದರು. ಉಬ್ಬಸ ಇರಬೇಕು ಎಂದು ಆಡುಸೋಗೆ ಎಲೆ ಕುದಿಸಿ ಕೊಟ್ಟರು. ಕಡಿಮೆಯಾಗದಿದ್ದಾಗ ಗಾಡಿ ಕಟ್ಟಿಸಿ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎದೆ ಸ್ವಚ್ಛವಾಗಿದೆ, ಏನೂ ಆಗಿಲ್ಲ ಎಂದರು. ಮನೆಯಲ್ಲಿ ಯಾರಾದರೂ ಹೋದರಾ ಎಂದು ಕೇಳಿದರು. ತಾಯಿ ಎಂದು ಅತ್ತೆ ಹೇಳಿದಾಗ ತಲೆಯಾಡಿಸಿ, ದುಃಖಕ್ಕೂ ಹೆದರಿಕೆಗೂ ಹೀಗಾಗುವುದುಂಟು, ಇದರಿಂದ ಪ್ರಾಣಕ್ಕೇನೂ ಆಗುವುದಿಲ್ಲ ಎಂದು ಹೇಳಿ ಒಂದು ಸೀಸೆ ಕೆಂಪು ಔಷಧ ಕೊಟ್ಟರು. ದಾರಿಯುದ್ದಕ್ಕೂ ಅತ್ತೆಗೆ ಒಂದೇ ಬೇಸರ. "ಒಂದು ಸೂಜಿನೂ ಹಾಕ್ಲಿಲ್ಲ. ಇದೆಂಥ ಡಾಕ್ಟ್ರು" ಎಂದು ಗಾಡಿ ಹೊಡೆಯುವವನಿಗೆ ಹೇಳಿದರು. ಅವನೂ ಹೌದೆಂದ.

ಸೂಜಿ ಹಾಕದ ಕಾಯಿಲೆ ಕಾಯಿಲೆಯಲ್ಲ ಎಂದಾದ ಮೇಲೆ ಬೇರೆ ಮಾತು ಶುರುವಾಯಿತು. ಪಕ್ಕದ ಮನೆಯ ಮುದುಕಿ ಒಂದು ದಿನ ನಮ್ಮ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ಇದು ಗಾಳಿ ಸೋಕಿದ್ದು, ಬೇರೇನಲ್ಲ ಎಂದಳು. "ತಾಯಿ ಜೀವ ಮಗಳ ಮುಖ ನೋಡ್ಲಿಲ್ಲ. ನೋಡ್ಲಾರದೆ ಹೋತು. ಅದು ಬಂದು ಎದಿ ಮ್ಯಾಲೆ ಕುಂತೈತಿ. ಉಸಿರು ಹೆಂಗ ಆಡೀತು?"

ಆ ಮಾತು ನನ್ನನ್ನು ಇರಿಯಿತು. ಆದರೆ ಅದರೊಳಗೆ ಒಂದು ಸಮಾಧಾನವೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಎದೆಯ ಮೇಲೆ ಕೂತದ್ದು ಅವ್ವನೇ ಆದರೆ ಕೂರಲಿ ಬಿಡು ಎನ್ನಿಸಿತು. ಬಿಟ್ಟುಹೋದರೆ ಅವಳೂ ಹೋದಂತೆಯೇ ಅಲ್ಲವೇ. ಅತ್ತೆ ತಾಯಿತ ಕಟ್ಟಿಸಿದಾಗ ಕಟ್ಟಿಸಿಕೊಂಡೆ, ಹಿತ್ತಲಿಗೆ ಹೋಗಿ ಅದನ್ನು ಸಡಿಲ ಮಾಡಿಕೊಂಡೆ.

ಮಳೆಗಾಲದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಸೌದೆ ಹಸಿಯಾಗಿ ಒಲೆ ಹತ್ತುತ್ತಿರಲಿಲ್ಲ. ಊದುಗೊಳವೆ ಹಿಡಿದು ಊದುತ್ತ ಕೂತಿದ್ದಾಗ ಎದೆ ಬಿಗಿಯತೊಡಗಿತು. ಎದ್ದು ಓಡಬೇಕು, ಆದರೆ ಮಾವ ಹೊಲದಿಂದ ಬರುವ ಹೊತ್ತು, ಹೊಗೆ ಮನೆ ತುಂಬಿದೆ, ಈ ಒಲೆ ಹತ್ತಲೇಬೇಕು. ಹೆದರಿಕೆಯಲ್ಲಿ ಗಬಗಬನೆ ಊದಿದರೆ ಬೂದಿ ಮುಖಕ್ಕೆ ಹಾರಿತು, ಕೆಂಡ ಕಪ್ಪಾಯಿತು. ಒಲೆಗೆ ಬೇಕಾದದ್ದು ಉದ್ದನೆಯ ಸಣ್ಣ ಉಸಿರು. ಕೆಂಡ ಕೆಂಪಾಗುವ ತನಕ ಬಿಡುತ್ತಲೇ ಇರಬೇಕು, ಖಾಲಿಯಾದ ಮೇಲೆ ಅವಸರವಿಲ್ಲದೆ ಎಳೆದುಕೊಳ್ಳಬೇಕು. ಕಣ್ಣನ್ನು ಕೆಂಡದ ಮೇಲಿಟ್ಟು ಹಾಗೆಯೇ ಮಾಡಿದೆ. ಜ್ವಾಲೆ ಎದ್ದ ಮೇಲೆ ನೋಡಿಕೊಂಡರೆ ಎದೆ ಸಡಿಲವಾಗಿತ್ತು. ಇಷ್ಟು ದಿನ ನಾನು ಉಸಿರು ಸಾಲದು ಎಂದು ಎಳೆದುಕೊಳ್ಳುವುದನ್ನೇ ಮಾಡಿದ್ದೆ. ಬಿಡುವುದನ್ನು ಮರೆತಿದ್ದೆ.

ಅಂದಿನಿಂದ ಅದು ಬಂದಾಗಲೆಲ್ಲ ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ. ಆಮೇಲಾಮೇಲೆ ಕೊಳವೆಯಿಲ್ಲದೆಯೂ ತುಟಿ ಕೂಡಿಸಿ ಬಿಡುವುದನ್ನು ರೂಢಿಮಾಡಿಕೊಂಡೆ. ಪೂರಾ ಹೋಯಿತೆಂದಲ್ಲ. ಬಂದರೆ ಅದರ ಜೊತೆ ಕೂರುವುದು ಹೇಗೆ ಎಂದು ಸ್ವಲ್ಪ ತಿಳಿಯಿತು. ಆದರೆ ಮುಚ್ಚಿಟ್ಟುಕೊಂಡೇ ಮಾಡುತ್ತಿದ್ದೆ. ಯಾರಾದರೂ ನೋಡಿದರೆ ಗಾಳಿಯ ಮಾತು ಮತ್ತೆ ಏಳುತ್ತಿತ್ತು.

ಎದ್ದೇ ಎದ್ದಿತು. ಶಿರಾಳಕೊಪ್ಪದ ಸಂತೆಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ನಮ್ಮೂರಿನವರು ಯಾರೋ ನನ್ನ ತವರಿನವರಿಗೆ ಯಾರಿಗೋ ಹೇಳಿದರು. ತಂಗಿಗೆ ದುಃಖದ ವರ್ಷವೆಂದು ಸಣ್ಣದಾಗಿ ಸೀಮಂತದ ಕುಬುಸ ಮಾಡಿ ತವರಿಗೆ ಕರೆತಂದ ಮೇಲೆ, ಅದೇ ಸಂತೆಯ ದಾರಿಯಲ್ಲಿ ದೊಡ್ಡವ್ವನ ಮಾತು ನನಗೆ ಮುಟ್ಟಿತು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಹೋದ ಮೇಲೂ ನಮ್ಮ ಜೊತೆಯಲ್ಲೇ ಇದ್ದವಳು, ಅವ್ವ ಹೋದ ಮೇಲೆ ಮನೆಯ ಕೀಲಿಕೈ ಅವಳ ಸೊಂಟಕ್ಕೆ ಬಂದಿತ್ತು. ಗಾಳಿ ಸೋಕಿದವಳು ಬಸುರಿಯ ಹತ್ತಿರ ಸುಳಿಯಬಾರದು, ಹೆರಿಗೆಯಾಗಿ ಬಾಣಂತನ ಮುಗಿಯುವ ತನಕ ಈ ಕಡೆ ಬರುವುದು ಬೇಡ ಎಂದು ಹೇಳಿ ಕಳಿಸಿದ್ದಳು.

ಅವಳನ್ನು ಬೈಯಲೂ ಆಗಲಿಲ್ಲ. ತಂಗಿಯ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಮುದುಕಿ ಹೇಳಿದ್ದನ್ನು ನಾನೇ ಅರ್ಧ ನಂಬಿದ್ದೆನಲ್ಲ. ನನ್ನಿಂದ ಆ ಮಗುವಿಗೆ ಏನಾದರೂ ಆದರೆ ಎಂಬ ಯೋಚನೆ ಬಂದ ದಿನ ಊಟ ಸೇರಲಿಲ್ಲ. ಹೋಗದಿದ್ದರೆ ತಂಗಿಯ ಮುಖ ಕಣ್ಣ ಮುಂದೆ. ಹೋಗೋಣವೆಂದರೆ ಆ ಬಸ್ಸು.

ಸುಗ್ಗಿ ಶುರುವಾಗಿ ಕಣದಲ್ಲಿ ಬತ್ತ ಬಡಿಯುತ್ತಿದ್ದ ದಿನಗಳಲ್ಲಿ ಅಪ್ಪ ಬಂದ. ಅವ್ವ ಹೋದ ಮೇಲೆ ಅವನು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಬಡವಾಗಿದ್ದ. ಕಾಲು ತೊಳೆದು, ಕೊಟ್ಟ ಬೆಲ್ಲ ನೀರು ತೆಗೆದುಕೊಂಡು, ಮಗಳನ್ನು ಕರೆಯಲು ಬಂದಿದ್ದೇನೆ ಎಂದ. ಅತ್ತೆ ಕಂಬಕ್ಕೆ ಒರಗಿ ನಿಂತು, "ನಿಮ್ಮ ಮನ್ಯಾಗೇ ಬ್ಯಾಡಂತ ಹೇಳಿ ಕಳಿಸ್ಯಾರಲ್ರೀ ಬೀಗರೆ" ಎಂದರು.

"ಹೇಳ್ದೋರು ಹೇಳ್ಯಾರೆ ಬಿಡ್ರಿ" ಎಂದ ಅಪ್ಪ. "ಕರಿಯಾಕೆ ಬಂದೋನು ನಾನು."

ಸುಗ್ಗಿಯ ಕೆಲಸ ಬಿಟ್ಟು ಸೊಸೆಯನ್ನು ಕಳಿಸುವುದು ಸುಲಭವಲ್ಲ. ಆದರೂ ಅತ್ತೆ ಬುತ್ತಿ ಕಟ್ಟಲು ಒಳಗೆ ಹೋದರು.

ಶಿಕಾರಿಪುರದಿಂದ ಶಿರಾಳಕೊಪ್ಪದ ತನಕ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ನೋಡುತ್ತ, ಉದ್ದಕ್ಕೆ ಉಸಿರು ಬಿಡುತ್ತ ಹೇಗೋ ಬಂದೆ. ಅಲ್ಲಿ ಸೊರಬದ ಬಸ್ಸು ಬಂದು ನಿಂತಾಗ ಬಾಗಿಲಿನ ತನಕ ಜನ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಒಳಗಿನಿಂದ ಮೆಣಸಿನಕಾಯಿಯ ಘಾಟು ಬಂತು. ಅಷ್ಟೇ. ಎದೆ ಮುಚ್ಚಿಕೊಂಡಿತು. ಊದುವುದು, ಬಿಡುವುದು, ಏನೂ ನೆನಪಾಗಲಿಲ್ಲ. ಇನ್ನೊಂದು ಕಾಲು ಮೇಲೇಳಲಿಲ್ಲ.

"ಬರ್ತೀರೋ ಇಲ್ಲೋ ಹೇಳ್ರೀ, ಹಿಂದೆ ಜನ ಐತೆ" ಎಂದ ಕಂಡಕ್ಟರು.

ಅಪ್ಪ ನನ್ನ ಮುಖ ನೋಡಿದ. "ಹೋಗ್ರಿ ನೀವು" ಎಂದು ಅವನಿಗೆ ಹೇಳಿ ನನ್ನ ತೋಳು ಹಿಡಿದು ಇಳಿಸಿದ. ಬಸ್ಸು ಧೂಳೆಬ್ಬಿಸಿ ಹೋಯಿತು.

ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆವು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಸ್ವಲ್ಪ ಹಗುರಾದ ಮೇಲೆ, ನನ್ನನ್ನು ವಾಪಸು ಬಿಟ್ಟುಬಿಡು ಎಂದೆ. ದೊಡ್ಡವ್ವ ಹೇಳುವುದೇ ಸರಿ ಇರಬಹುದು, ಅವ್ವನೇ ಬಂದು ಕೂತಿರಬಹುದು, ತಂಗಿಗೆ ನನ್ನಿಂದ ಕೆಡುಕಾಗುವುದು ಬೇಡ ಎಂದೆ. ಇಷ್ಟು ತಿಂಗಳು ಒಳಗಿಟ್ಟದ್ದೆಲ್ಲ ಒಂದೇ ಸಲ ಬಂತು.

ಅಪ್ಪ ನನ್ನ ಕಡೆ ತಿರುಗಿ ಕೂತ. ಆಮೇಲೆ, "ಹೆಂಗಾಗ್ತದೆ ಅದು? ಎಳ್ಕಂಡ ಉಸಿರು ಅರ್ಧಕ್ಕೇ ನಿಂತಂಗೆ?" ಎಂದು ಕೇಳಿದ.

ಹೌದೆಂದೆ.

"ಕೈ ಜುಂ ಅಂತಾವ?"

ನಾನು ಸೆರಗು ತೆಗೆದು ಅವನನ್ನು ನೋಡಿದೆ.

"ನಂಗೂ ಆಗ್ತದೆ" ಎಂದ. ಗದ್ದೆಯಲ್ಲಿ ಏನೂ ಇಲ್ಲವಂತೆ. ಸಂಜೆ ಮನೆಗೆ ಬಂದು ಹೊಸಿಲು ದಾಟುವಾಗ, ಅಡಿಗೆಮನೆಯ ಕಡೆ ಕಣ್ಣು ಹೋದ ಕೂಡಲೇ ಎದೆ ಹಿಡಿಯುತ್ತದಂತೆ. ದನ ನೋಡುವ ನೆವ ಮಾಡಿ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಾನಂತೆ. ಎಮ್ಮೆಯ ಬೆನ್ನಿನ ಮೇಲೆ ಕೈಯಿಟ್ಟು, ಅದು ಉಸಿರಾಡುವ ಹಾಗೆ ತಾನೂ ಆಡುತ್ತ ನಿಂತರೆ ಇಳಿಯುತ್ತದಂತೆ. ಯಾರಿಗೂ ಹೇಳಿರಲಿಲ್ಲ. ಗಂಡಸು ಇದನ್ನು ಹೇಗೆ ಹೇಳಿಕೊಳ್ಳುವುದು.

ಅವನೇ ಮುಂದುವರಿಸಿದ.

"ಅಲ್ಲ ಕಣೆ, ಅಲ್ಲಿ ನಿನ್ನ ಮೇಲೆ ಕೂರ್ಬೇಕು, ಇಲ್ಲಿ ನನ್ನ ಮೇಲೆ ಕೂರ್ಬೇಕು. ದಿನಾ ಓಡಾಡಾಕೆ ಅವಳಿಗೆ ಬಸ್ಸು ಎಲ್ಲೈತೆ?"

ಅವನು ನಗಲಿಲ್ಲ. ನನಗೆ ನಗು ಬಂತು. ಬಸ್ಸಿನಲ್ಲಿ ಕೂರುವುದೆಂದರೆ ಅವ್ವನಿಗೆ ಆಗುತ್ತಲೇ ಇರಲಿಲ್ಲ, ಪ್ರತಿ ಸಲವೂ ವಾಂತಿ. ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಅವ್ವ ಹೋದ ಮೇಲೆ ಅಷ್ಟು ಚೆನ್ನಾಗಿ ಅತ್ತದ್ದು ಅದೇ ಮೊದಲು. ಅಪ್ಪ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೈಗೆ ಕೊಟ್ಟ. ಒಲೆ ಊದುವ ವಿಷಯ ಅವನಿಗೆ ಹೇಳಿದೆ. ಅಲ್ಲೇ ತುಟಿ ಕೂಡಿಸಿ ಮಾಡಿ ನೋಡಿದ.

ಮುಂದಿನ ಬಸ್ಸಿನಲ್ಲೂ ಜನ ಇದ್ದರು. ಹತ್ತಿದೆವು. ಅಪ್ಪ ಡ್ರೈವರಿನ ಹಿಂದೆ ಒಂದು ಜಾಗ ಕೇಳಿ ನನ್ನನ್ನು ಕೂರಿಸಿ, ಕಂಬಿ ಹಿಡಿದು ಪಕ್ಕದಲ್ಲಿ ನಿಂತ. ದಾರಿಯಲ್ಲಿ ಅದು ಬಂತು. ಕಣ್ಣು ಮುಂದಿನ ರಸ್ತೆಯ ಮೇಲಿಟ್ಟು ಉದ್ದಕ್ಕೆ ಊದಿದೆ. ಎದುರಿಗೆ ಕೂತಿದ್ದ ಮುದುಕ ಬಹಳ ಹೊತ್ತು ನೋಡಿ, "ಏನವ್ವ, ಚಾ ಇಲ್ದೇನೇ ಆರಿಸ್ತಾ ಇದೀಯಲ್ಲ" ಎಂದ. ಸುತ್ತಲಿನವರು ನಕ್ಕರು. ಹಿಂದೆ ಆಗಿದ್ದರೆ ಬಸ್ಸಿನಿಂದ ಹಾರುತ್ತಿದ್ದೆನೋ ಏನೋ. "ಉಸಿರು ಕಟ್ತದೆ ಅಜ್ಜ, ಹಿಂಗೆ ಮಾಡಿದ್ರೆ ಬಿಡ್ತದೆ" ಎಂದೆ. ಪರರ ಮುಂದೆ ಮೊದಲ ಸಲ ಹೇಳಿದ್ದು ಅವನಿಗೆ. ಅವನು ಹೌದಾ ಎಂದು ಸರಿದು ಕೂತು, ಕಿಟಕಿಯ ತಗಡು ಎತ್ತಿಸಿದ. ಅಷ್ಟೇ ಆಯಿತು. ಆಕಾಶವೇನೂ ಬೀಳಲಿಲ್ಲ.

ಮನೆಯ ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಳು. ಅವಳ ಹಿಂದೆ ನಡುಮನೆಯ ಕತ್ತಲಲ್ಲಿ ತುಂಬಿದ ಹೊಟ್ಟೆ ಹಿಡಿದುಕೊಂಡು ತಂಗಿ. ನಾನು ಅಂಗಳದಲ್ಲೇ ನಿಂತೆ. ದೊಡ್ಡವ್ವ ನನ್ನನ್ನು ನೋಡದೆ ಅಪ್ಪನಿಗೆ ಹೇಳಿದಳು. ಅಷ್ಟು ಹೇಳಿ ಕಳಿಸಿದರೂ ಕರೆದುಕೊಂಡು ಬಂದೆಯಲ್ಲ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದಳು.

ಅಪ್ಪ ಹೆಗಲ ಮೇಲಿನ ಟವಲು ತೆಗೆದು ಜಗಲಿಯ ಮೇಲಿಟ್ಟ.

"ಅತ್ತಿಗೆ, ಇವಳಿಗೆ ಆಗಾದು ನಂಗೂ ಆಗ್ತೈತೆ. ದಿನಾ ಸಂಜೆ ಕೊಟ್ಟಿಗೇಲಿ ನಿಲ್ತೀನಲ್ಲ, ಅದಕ್ಕೇ. ಇವಳು ಹೊರಗಿರ್ಬೇಕು ಅಂದ್ರೆ ನಾನೂ ಇಲ್ಲೇ ಇರ್ತೀನಿ. ಊಟ ಇಲ್ಲಿಗೇ ಕೊಡಿ."

ಪಕ್ಕದ ಮನೆಯವರಿಗೂ ಕೇಳುವ ಹಾಗೆ ಹೇಳಿದ. ಅವನು ಜೀವಮಾನದಲ್ಲಿ ಅತ್ತಿಗೆಗೆ ಎದುರಾಡಿದವನಲ್ಲ. ದೊಡ್ಡವ್ವ ಅವನನ್ನೇ ನೋಡಿದಳು. ದಿನಾ ಸಂಜೆ ಅವನ ಕಾಫಿ ಆರಿಹೋಗುವುದನ್ನು ಕಂಡು ಗೊಣಗುತ್ತಿದ್ದವಳು ಅವಳೇ.

"ಇಷ್ಟು ದಿನ ಬಾಯಿಗೇನು ಬಡ್ಕಂಡಿತ್ತು?" ಎಂದಳು ಕೊನೆಗೆ. ದನಿ ಒಡೆದಿತ್ತು. "ಅಪ್ಪ ಮಗಳು ಸೇರಿ ನನ್ನ ಜೀವ ತಿನ್ರಿ. ಕಾಲು ತೊಳ್ಕಂಡು ಒಳಗೆ ಬನ್ನಿ, ನೀರು ಕಾದೈತೆ."

ತಂಗಿ ಅಲ್ಲಿಂದಲೇ ಅಳುತ್ತ ನಗುತ್ತ, "ಅಕ್ಕ, ನೀನು ಎಷ್ಟು ಕರ್ರಗಾಗಿದೀಯೆ" ಎಂದಳು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ನಮ್ಮಲ್ಲಿ ಹೆರಿಗೆಯ ಕೋಣೆಯೆಂದರೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿ, ಮೂಲೆಯಲ್ಲಿ ಕೆಂಡದ ಮಡಕೆ ಇಟ್ಟು ಅದಕ್ಕೆ ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಹಾಕುತ್ತಾರೆ. ಥಂಡಿ ತಗಲಬಾರದೆಂದು. ಅಂಥ ಕೋಣೆಗೆ ನಾನು ಹೋದೆ. ಸೂಲಗಿತ್ತಿ, ದೊಡ್ಡವ್ವ, ನಾನು. ತಂಗಿಯ ತಲೆ ನನ್ನ ತೊಡೆಯ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಅವಳು ಹೆದರಿದಳು. ಉಸಿರು ಸಿಗುತ್ತಿಲ್ಲ ಎಂದು ಬಾಯಿ ತೆರೆದು ಎಳೆದುಕೊಳ್ಳತೊಡಗಿದಳು. ಅವಳ ಕಣ್ಣಿನಲ್ಲಿ ನಾನು ಕಂಡದ್ದು ನನಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆ. ಅದನ್ನು ನೋಡಿ ನನ್ನ ಎದೆಯೂ ಬಿಗಿಯಿತು. ಓಡಿಹೋಗಲು ಬಾಗಿಲು ಎರಡು ಹೆಜ್ಜೆಯಲ್ಲಿತ್ತು.

"ನಂಗೂ ಹಂಗೇ ಆಗ್ತೈತೆ ಕಣೆ" ಎಂದೆ ಅವಳಿಗೆ. "ಎಳ್ಕಬ್ಯಾಡ. ಬಿಡು. ನನ್ನ ಜೊತೆ ಬಿಡು, ಮೆಲ್ಲಗೆ."

ಇಬ್ಬರೂ ಒಟ್ಟಿಗೆ ಬಿಟ್ಟೆವು. ಅವಳ ಮುಂಗುರುಳು ನನ್ನ ಉಸಿರಿಗೆ ಅಲ್ಲಾಡುತ್ತಿತ್ತು. ಅವಳಿಗೆ ನಾನು ಹೇಳಿಕೊಡುತ್ತಿದ್ದೆನೋ, ಅವಳಿಗಾಗಿ ಬಿಡುತ್ತ ನಾನೇ ಉಳಿದುಕೊಂಡೆನೋ ತಿಳಿಯದು. ಸೂಲಗಿತ್ತಿ ತಲೆಯೆತ್ತಿ, "ಅಕ್ಕ ತಂಗಿ ಸೇರಿ ನನ್ನ ದೀಪ ಆರಿಸ್ಬ್ಯಾಡ್ರಿ" ಎಂದಳು. ತಂಗಿ ಆ ನೋವಿನಲ್ಲೂ ಮೂಗಿನಲ್ಲಿ ನಕ್ಕಳು. ಹೊತ್ತು ಇಳಿಯುವ ಮೊದಲು ಹೆಣ್ಣುಮಗು ಹುಟ್ಟಿತು. ಹೊರಗೆ ಜಗಲಿಯಲ್ಲಿ ಕೂತಿದ್ದ ಅಪ್ಪ ಕೂಗಿ ಕೇಳಿದ್ದು ಮೊದಲು ತಂಗಿಯ ಬಗ್ಗೆ, ಆಮೇಲೆ ನನ್ನ ಬಗ್ಗೆ. ಮಗು ಹೆಣ್ಣೋ ಗಂಡೋ ಎಂದು ಕೇಳುವುದನ್ನೇ ಮರೆತಿದ್ದ.

ಬಾಣಂತನ ಪೂರ್ತಿ ನಾನೇ ಮಾಡಿದೆ. ಎಣ್ಣೆ ಹಚ್ಚಿ ನೀರು ಹಾಕುವುದು, ಹೊಗೆ ಕೊಡುವುದು, ಮೆಣಸು ಬೆಳ್ಳುಳ್ಳಿಯ ಸಾರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವುದು. ಅವ್ವ ಇದ್ದಿದ್ದರೆ ಅವಳು ಮಾಡುತ್ತಿದ್ದ ಕೆಲಸಗಳು. ಮಾಡುತ್ತ ಮಾಡುತ್ತ ಅವಳು ನನ್ನ ಎದೆಯಿಂದ ಕೈಗೆ ಬಂದಳು ಎನ್ನಿಸುತ್ತಿತ್ತು. ಆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟದೆ ಇರಲಿಲ್ಲ. ಕಟ್ಟಿದಾಗ "ಬಂತು" ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಹೇಳಿದ ಕೂಡಲೇ ಅದರ ಅರ್ಧ ಭಾರ ಇಳಿಯುತ್ತಿತ್ತು. ಬಚ್ಚಿಡುವುದಕ್ಕೇ ಎಷ್ಟೊಂದು ಉಸಿರು ಖರ್ಚಾಗುತ್ತಿತ್ತು ಎಂದು ಆಗ ತಿಳಿಯಿತು. ಬಾಗಿಲು ತೆರೆದಿಡಲು ದೊಡ್ಡವ್ವ ಒಪ್ಪಲಿಲ್ಲ. ಆದರೆ ಒಂದು ದಿನ ನಾನು ಕೇಳದೆಯೇ ಬಾಗಿಲು ಸ್ವಲ್ಪ ಸರಿಸಿ ಅದಕ್ಕೆ ಕಂಬಳಿ ಇಳಿಬಿಟ್ಟಳು. ಇನ್ನೊಂದು ದಿನ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೋಗು, ನಿಮ್ಮಪ್ಪ ಕೊಟ್ಟಿಗೇಲಿ ನಿಂತಾನೆ. ಇಬ್ರೂ ಮುಗಿಸ್ಕಂಡು ಬರ್ರಿ, ಕಾಫಿ ಆರ್ತದೆ" ಎಂದಳು. ಊರಿನ ಯಾರಾದರೂ ಗಾಳಿಯ ಮಾತೆತ್ತಿದರೆ ಅವರಿಗೆ ಉತ್ತರ ಹೇಳುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಅವಳ ಬಾಯಿಗೆ ಸಿಕ್ಕವರು ಎರಡನೆಯ ಸಲ ಕೇಳುತ್ತಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಬೀಗರು, ನೆರೆಯವರು, ಮಕ್ಕಳು ಎಲ್ಲ ಆ ಸಣ್ಣ ಕೋಣೆಯಲ್ಲಿ ತುಂಬಿಕೊಂಡರು. ಮಗುವನ್ನು ತೊಟ್ಟಿಲ ಅಡಿಯಿಂದ ದಾಟಿಸಿ ಕೊಡುವಾಗ ಈಚೆ ಕಡೆ ಅವ್ವ ಕೂರಬೇಕಿತ್ತು. ಅಲ್ಲಿ ಯಾರು ಕೂರುವುದು ಎಂದು ಬೀಗರಲ್ಲಿ ಒಬ್ಬರು ಕೇಳಿದರು. ದೊಡ್ಡವ್ವ ನನ್ನ ಹೆಸರು ಹಿಡಿದು ಕೂಗಿದಳು. ಹೆಂಗಸರ ನಡುವೆ ತೂರಿಕೊಂಡು ಹೋಗಿ ಕೂತೆ. ಹೂವಿನ ವಾಸನೆ, ದೀಪದ ಹೊಗೆ, ಸುತ್ತ ಸೀರೆಗಳ ಗೋಡೆ. ಎದೆ ಬಿಗಿಯತೊಡಗಿತು.

"ಸ್ವಲ್ಪ ಜಾಗ ಬಿಡ್ರಿ, ನಂಗೆ ಉಸಿರು ಹಿಡೀತದೆ" ಎಂದೆ.

ಬಿಟ್ಟರು. ಯಾರೋ ಬೀಸಣಿಗೆ ಕೊಟ್ಟರು. ನಾನು ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟೆ, ಇನ್ನೊಂದು ಸಲ ಬಿಟ್ಟೆ, ಆಮೇಲೆ ಕೈ ಚಾಚಿದೆ. ತೊಟ್ಟಿಲ ಅಡಿಯಿಂದ ಮಗು ನನ್ನ ಕೈಗೆ ಬಂತು, ಬೆಚ್ಚಗೆ, ಎಣ್ಣೆಯಿಂದ ಜಾರುತ್ತ. ಹಾಡು ಮುಗಿಯುವ ತನಕ ನಾನು ಅಲ್ಲೇ ಕೂತಿದ್ದೆ.